ಬೇಕಾದ್ರೆ ಇನ್ನೊಂದು ತೂತು

ಮಾರ್ಚ್ 3, ಸೋಮವಾರ

ನನಗೆ ಬರೆಯುವ ಚಟ ಇಲ್ಲ. ಇದ್ದಿದ್ದರೆ ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಇಸ್ತ್ರಿಪೆಟ್ಟಿಗೆ ಹಿಡಿಯುತ್ತಿರಲಿಲ್ಲ. ಆದರೂ ಈ ಅರವತ್ತೆಂಟನೇ ವಯಸ್ಸಿನಲ್ಲಿ ನಮ್ಮ ಲಾಂಡ್ರಿ ಅಂಗಡಿಯ ಕೌಂಟರಿಗೆ ಮೊಣಕೈ ಊರಿ ಪೆನ್ನು ಕಚ್ಚುತ್ತ ಕೂತಿದ್ದೇನೆ. ಬರೆಸುತ್ತಿರುವವಳು ನನ್ನ ತಂಗಿ. ಇವತ್ತು ಆಸ್ಪತ್ರೆಯಲ್ಲಿ ನಾನು ಅವಳ ಮಾನ ಕಳೆದೆನಂತೆ. ನಮ್ಮಲ್ಲಿ ಬಟ್ಟೆ ಒಗೆಸುವ ಹೋಟೆಲಿನವರು ಹೊಸ ವರ್ಷಕ್ಕೆ ಕೊಟ್ಟಿದ್ದ ಈ ಡೈರಿಯನ್ನು ಮುಂದಕ್ಕೆ ತಳ್ಳಿ, "ಅಕ್ಕಾ, ಬಾಯಿಗೆ ಬಂದದ್ದನ್ನೆಲ್ಲ ಅಲ್ಲಿ ಆಡೋ ಬದಲು ಇದರಲ್ಲಿ ಬರ್ಕೋ. ನಾನು ಓದಲ್ಲ, ಯಾರೂ ಓದಲ್ಲ," ಅಂದಳು. ಯಾರೂ ಓದದೆ ಇರುವುದನ್ನು ಬರೆಯುವುದು ಯಾಕೆ ಎಂದು ಕೇಳಿದರೆ ಎದ್ದು ಒಗೆಯುವ ಕೋಣೆಗೆ ಹೋದಳು.

ನಾನು ಮಾಡಿದ ಅಪರಾಧ ಇಷ್ಟು. ಚೀಟಿ ಬರೆಯುವವನು ನನ್ನ ತಂಗಿಯನ್ನು, "ನೋವು ಯಾವಾಗಿಂದ?" ಎಂದು ಕೇಳಿದ. ನಾನು ಹೇಳಿದೆ. "ಅವರೇ ಹೇಳಲಿ," ಅಂದ. "ಇವಳು ಹುಟ್ಟಿದಾಗಿಂದ ಇವಳ ಪರವಾಗಿ ಹೇಳ್ತಾ ಬಂದಿರೋಳು ನಾನು. ನೀನು ನಿನ್ನೆ ಈ ಕುರ್ಚಿಗೆ ಬಂದೋನು," ಅಂದೆ. ಇದರಲ್ಲಿ ಮಾನ ಹೋಗುವಂಥದ್ದು ಏನಿದೆಯೋ ನನಗೆ ಹೊಳೆಯಲಿಲ್ಲ.

ಪುಟ್ಟಿಗೆ (ಅರವತ್ತೊಂದಾದರೂ ನನಗೆ ಪುಟ್ಟಿಯೇ) ಪಿತ್ತಕೋಶದಲ್ಲಿ ಕಲ್ಲು. ಎಣ್ಣೆಯದು ಏನಾದರೂ ತಿಂದರೆ ಬಲಗಡೆ ಪಕ್ಕೆಯ ಕೆಳಗೆ ಹಿಡಿದುಕೊಂಡು ಬೆನ್ನಿನವರೆಗೂ ಜಗ್ಗುತ್ತದೆ. ನನ್ನ ಕಣ್ಣು ತಪ್ಪಿಸಿ ಒಗೆಯುವ ಕೋಣೆಯಲ್ಲಿ ನರಳುತ್ತಿದ್ದಳು. ಮಷೀನಿನ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ ಎಂದುಕೊಂಡಿದ್ದಳು. ಕಲ್ಲಿನ ಚೀಲವನ್ನೇ ತೆಗೆದುಬಿಡಬೇಕಂತೆ. ಅದಿಲ್ಲದೆಯೂ ಮನುಷ್ಯ ಚೆನ್ನಾಗಿಯೇ ಬದುಕುತ್ತಾನಂತೆ. ಹಾಗಿದ್ದ ಮೇಲೆ ಮೊದಲು ಇಟ್ಟದ್ದಾದರೂ ಯಾಕೋ.

ತೆಗೆಯುವುದು ಹೊಕ್ಕುಳಲ್ಲಿ ಒಂದೇ ಒಂದು ತೂತು ಮಾಡಿ. ಹೊಸ ವಿದ್ಯೆ.

ಮಾರ್ಚ್ 5, ಬುಧವಾರ

ಆಸ್ಪತ್ರೆಯವರು ನುಣುಪಾದ ಒಂದು ಕಾಗದ ಕೊಟ್ಟಿದ್ದಾರೆ. ಪುಟ್ಟಿ ಅದನ್ನು ಮೂರು ಹೊತ್ತೂ ಓದುತ್ತಾಳೆ. ಮೇಲೆ ಒಂದು ಚಿತ್ರ. ಬಾಚಣಿಗೆಯ ಹಾಗೆ ಹಲ್ಲು ಕಿರಿದು ನಗುತ್ತಿರುವ ಹುಡುಗಿ, ಹೊಟ್ಟೆ ನಮ್ಮ ಇಸ್ತ್ರಿ ಮೇಜಿನಷ್ಟು ಸಪಾಟು. ಇವಳ ಹೊಟ್ಟೆಯಲ್ಲಿ ಕಲ್ಲಿರಲಿ, ಎರಡು ಹೊತ್ತಿನ ಊಟವೂ ಇದ್ದ ಹಾಗಿಲ್ಲ. "ಗಾಯದ ಗುರುತಿಲ್ಲದ ಶಸ್ತ್ರಚಿಕಿತ್ಸೆ" ಎಂದು ದಪ್ಪ ಅಕ್ಷರದಲ್ಲಿದೆ.

"ಗುರುತು ಕಾಣೋದೇ ಇಲ್ವಂತೆ ಅಕ್ಕಾ. ಹೊಕ್ಕುಳ ಮಡಿಕೇಲಿ ಮುಚ್ಚಿಹೋಗತ್ತಂತೆ."

"ಕಂಡ್ರೆ ಏನಾಗತ್ತೆ? ಅರವತ್ತೊಂದರಲ್ಲಿ ನಿನ್ನ ಹೊಟ್ಟೆ ನೋಡೋಕೆ ಟಿಕೆಟ್ ತಗೊಂಡು ಯಾರು ಬರ್ತಾರೆ?"

"ನಾನು ನೋಡ್ಕೋತೀನಿ," ಅಂದಳು. ಮುಖ ಕೆಂಪಾಯಿತು. ಒಗೆಯುವ ಕೋಣೆಯ ಉಗಿಗಿರಬೇಕು.

ಅಷ್ಟರಲ್ಲಿ ಮೂಲೆಯ ಕನ್ನಡಕದಂಗಡಿಯವನು ಬಂದ. ಹೆಂಡತಿ ಸತ್ತು ಎಷ್ಟೋ ವರ್ಷವಾಗಿದೆ. ಕೈಯಲ್ಲಿ ಅದೇ ನೀಲಿ ಶರಟು. ಹೋದ ವಾರ ನಾನೇ ಇಸ್ತ್ರಿ ಹಾಕಿದ ಮಡಿಕೆ ಹಾಗೆಯೇ ಇದೆ. ಇಷ್ಟು ಶುಭ್ರವಾದ ಕೊಳೆ ಬಟ್ಟೆಯನ್ನು ನಾನು ಬೇರೆ ಎಲ್ಲೂ ಕಂಡಿಲ್ಲ. ಮಾರುವುದು ಕನ್ನಡಕ, ಆದರೆ ತನ್ನ ಶರಟು ಕೊಳೆಯಾಗಿದೆಯೋ ಇಲ್ಲವೋ ತನಗೇ ಕಾಣಿಸುವುದಿಲ್ಲ. ಪುಟ್ಟಿ ಅದನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಕಿಟಕಿ ಪರದೆ, ಸೋಫಾ ಹೊದಿಕೆಗಳನ್ನೂ ಒಂದೇ ಕೈಯಲ್ಲಿ ಎಳೆದುಕೊಳ್ಳುವವಳು!

ಮಾರ್ಚ್ 8, ಶನಿವಾರ

ಆಪರೇಷನ್ ಮಾಡುವ ಡಾಕ್ಟರಮ್ಮನನ್ನು ನೋಡಿ ಬಂದೆವು. ನನ್ನ ಇಸ್ತ್ರಿಪೆಟ್ಟಿಗೆಗಿಂತ ಚಿಕ್ಕ ವಯಸ್ಸು ಅವಳಿಗೆ. ಕೋಣೆಯಲ್ಲಿ ಒಂದು ಮೇಜು, ಮೂರು ಕುರ್ಚಿ, ಗೋಡೆಗೆ ಹೊಟ್ಟೆಯೊಳಗಿನ ಬಣ್ಣದ ಚಿತ್ರ. ನೋಡಿದರೆ ಮಧ್ಯಾಹ್ನದ ಊಟ ಬೇಡವೆನಿಸುತ್ತದೆ.

"ಸಾಮಾನ್ಯವಾಗಿ ಹೊಟ್ಟೇಲಿ ನಾಲ್ಕು ಕಡೆ ಸಣ್ಣ ತೂತು ಹಾಕ್ತೀವಿ. ಒಂದರಲ್ಲಿ ಕ್ಯಾಮೆರಾ, ಮಿಕ್ಕಿದ್ದರಲ್ಲಿ ಕತ್ತರಿ, ಇಕ್ಕಳ. ಇದರಲ್ಲಿ ಎಲ್ಲಾನೂ ಹೊಕ್ಕುಳಿನ ಒಂದೇ ತೂತಿಂದ ಒಳಗೆ ಬಿಡ್ತೀವಿ."

"ನಾಲ್ಕು ಬಾಗಿಲಲ್ಲಿ ಹೋಗೋರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ," ಅಂದೆ.

"ಹಾಗೇ. ಕೈ ಕೈ ತಾಗತ್ತೆ. ಅದಕ್ಕೆ ಹೊತ್ತು ಸ್ವಲ್ಪ ಜಾಸ್ತಿ ಹಿಡಿಯತ್ತೆ. ತೂತು ಒಂದೇ ಆದ್ರೂ ಮಾಮೂಲಿಗಿಂತ ದೊಡ್ಡದು. ಮುಂದೆ ಆ ಜಾಗದಲ್ಲಿ ಕರುಳು ಉಬ್ಬಿ ಬರೋ ಸಾಧ್ಯತೆ ಒಂದಿಷ್ಟು ಹೆಚ್ಚು, ಹರ್ನಿಯಾ ಅಂತಾರಲ್ಲ, ಅದು. ನೋವು ಕಮ್ಮಿ ಅಂತ ಕೆಲವರು ಹೇಳ್ತಾರೆ. ನಾನು ಆ ಭರವಸೆ ಕೊಡಲ್ಲ."

"ಮತ್ತೆ ಲಾಭ ಏನಮ್ಮಾ?"

"ಗುರುತು ಕಾಣಲ್ಲ. ಮುಖ್ಯವಾಗಿ ಅಷ್ಟೇ."

"ಇದನ್ನ ಆ ನಗೋ ಹುಡುಗಿ ಪಕ್ಕ ಯಾಕೆ ಬರ್ದಿಲ್ಲ?"

"ಆ ಕಾಗದ ನಾನು ಬರೆದಿದ್ದಲ್ಲ," ಅಂದಳು. ಮೊದಲ ಸಲ ಅವಳ ಮೇಲೆ ಒಂದು ಚೂರು ಮರ್ಯಾದೆ ಹುಟ್ಟಿತು. "ಎಷ್ಟು ಮಾಡಿದ್ದೀಯಾ ಇಂಥದ್ದು?" ಎಂದೆ. ಪುಟ್ಟಿ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. "ಕೇಳ್ಲಿ ಬಿಡಿ, ಎಲ್ಲರೂ ಕೇಳ್ಬೇಕಾದ ಪ್ರಶ್ನೆ. ನಾಲ್ಕು ತೂತಿನದ್ದು ನೂರಾರು. ಒಂದು ತೂತಿನದ್ದು ಅಷ್ಟಿಲ್ಲ, ಐವತ್ತರ ಹತ್ತಿರ," ಅಂದಳು ಡಾಕ್ಟರಮ್ಮ. ಹುಟ್ಟಿದ ಮರ್ಯಾದೆ ಇನ್ನೂ ಒಂದು ಚೂರು ಬೆಳೆಯಿತು.

ಆಮೇಲೆ ಹಾಳು ಮಾಡಿಕೊಂಡಳು.

"ಇನ್ನೊಂದು ವಿಷಯ. ಬೇಕಾದ್ರೆ ಇನ್ನೊಂದೆರಡು ತೂತು ಹಾಕ್ತೀವಿ. ತೀರಾ ಬೇಕಾದ್ರೆ ಹೊಟ್ಟೇನೇ ತೆರೀತೀವಿ. ಅದಕ್ಕೂ ನಿಮ್ಮ ಒಪ್ಪಿಗೆ ಇರ್ಬೇಕು."

ಓಹೋ ಎಂದುಕೊಂಡೆ. ಈ ವ್ಯಾಪಾರ ನನಗೆ ಗೊತ್ತಿಲ್ಲವೇ? ಎಷ್ಟು ವರ್ಷದಿಂದ ಇದೇ ಕೌಂಟರಿನ ಹಿಂದೆ ನಿಂತು, "ಬೇಕಾದ್ರೆ ಗಂಜಿ ಹಾಕ್ತೀವಿ, ಬೇಕಾದ್ರೆ ಹ್ಯಾಂಗರಿಗೆ ಹಾಕಿ ಕೊಡ್ತೀವಿ," ಎಂದು ನಾನೇ ಹೇಳುತ್ತ ಬಂದಿದ್ದೇನೆ. ಗಿರಾಕಿ ಹೂಂ ಅಂದರೆ ನಮಗೆ ಮೇಲಿನ ಆದಾಯ. ಬುದ್ಧಿ ಇರುವ ಗಿರಾಕಿ ಬೇಡ ಅನ್ನುತ್ತಾನೆ.

"ಬೇಡ. ಒಂದು ಅಂದ್ರೆ ಒಂದೇ," ಅಂದೆ.

ಡಾಕ್ಟರಮ್ಮ ಪುಟ್ಟಿಯ ಕಡೆ ತಿರುಗಿ, "ನೀವೇನಂತೀರಿ?" ಎಂದು ಕೇಳಿದಳು. ಪುಟ್ಟಿ ನನ್ನ ಮುಖ ನೋಡಿ, "ಅಕ್ಕ ಹೇಳಿದ ಹಾಗೆ," ಅಂದಳು. "ಯೋಚನೆ ಮಾಡಿ. ಆವತ್ತು ಮತ್ತೆ ಕೇಳ್ತೀನಿ," ಎಂದು ಡಾಕ್ಟರಮ್ಮ ಎದ್ದಳು. ಕೇಳಲಿ. ಮತ್ತೊಂದು ಸಲ ಬೇಡ ಅನ್ನಲು ನನಗೇನು ಉಸಿರು ಕಡಿಮೆಯೇ?

ಮಾರ್ಚ್ 12, ಬುಧವಾರ

ಬರೆಯುವಂಥದ್ದು ಏನೂ ಇಲ್ಲ. ಹೋಟೆಲಿನ ಬೆಡ್‌ಶೀಟು, ದಿಂಬಿನ ಚೀಲ, ಮತ್ತೆ ಬೆಡ್‌ಶೀಟು. ನೀಲಿ ಶರಟು ಬಂತು, ಹೋಯಿತು. ಪುಟ್ಟಿ ಎಣ್ಣೆ ಇಲ್ಲದ್ದನ್ನು ತಿನ್ನುತ್ತಾಳೆ, ಅವಳ ಜೊತೆ ನಾನೂ. ಕಲ್ಲು ಅವಳದ್ದು, ಉಪವಾಸ ನನ್ನದು.

ಮಾರ್ಚ್ 17, ಸೋಮವಾರ

ಆಪರೇಷನ್ ಆಗಲಿಲ್ಲ. ತಪ್ಪು ನನ್ನದಲ್ಲ.

ಬೆಳಗ್ಗೆ ಹನಿ ನೀರೂ ಕುಡಿಯದೆ ಹೋದೆವು. ಪುಟ್ಟಿಗೆ ಬೆನ್ನ ಹಿಂದೆ ಲಾಡಿ ಕಟ್ಟುವ ಹಸಿರು ನಿಲುವಂಗಿ ತೊಡಿಸಿದರು. ಅದರ ಇಸ್ತ್ರಿ ನೋಡಿದರೆ ಮಲಗಿಕೊಂಡು ಹಾಕಿದ ಹಾಗಿತ್ತು, ಲಾಡಿ ಒಂದು ಕಡೆ ಕಿತ್ತು ಬಂದಿತ್ತು. ಓಲೆ ಬಿಚ್ಚಿಸಿ ನನ್ನ ಕೈಗೆ ಕೊಟ್ಟರು. ಮೊದಲೇ ಚಿಕ್ಕ ಮುಖ, ಓಲೆ ಇಲ್ಲದೆ ಇನ್ನೂ ಚಿಕ್ಕದಾಗಿ ಕಂಡಿತು.

ಡಾಕ್ಟರಮ್ಮ ಬಂದಳು. "ಮತ್ತೆ ಕೇಳ್ತೀನಿ ಅಂದಿದ್ದೆ. ಬೇಕಾದ್ರೆ ಇನ್ನೊಂದೆರಡು ತೂತು, ತೀರಾ ಬೇಕಾದ್ರೆ ತೆರೆಯೋದು. ಒಪ್ಪಿಗೆ ತಾನೆ?"

"ಆವತ್ತೇ ಹೇಳಿದೆನಲ್ಲ, ಬೇಡ."

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಒಂದು ಅಂತ ಒಳಗೆ ಕರ್ಕೊಂಡು ಹೋಗಿ ನಾಲ್ಕು ಮಾಡೋ ವ್ಯಾಪಾರ ನಮ್ಮ ಹತ್ರ ನಡೆಯಲ್ಲ."

ಅವಳು ಪುಟ್ಟಿಯ ಮಂಚದ ಅಂಚಿಗೆ ಕೂತಳು. "ಅಮ್ಮಾ, ಹೊಟ್ಟೆ ನಿಮ್ದು. ನೀವು ಹೇಳಿ."

ಪುಟ್ಟಿ "ಅಕ್ಕಾ..." ಅಂದಳು. ಮುಂದಿನ ಮಾತು ಬರುವಷ್ಟರಲ್ಲಿ ನಾನೇ, "ಅವಳೂ ಬೇಡ ಅಂತಾಳೆ," ಎಂದು ಮುಗಿಸಿದೆ. ಹೆದರಿದವಳಿಂದ ಮಾತು ಹೊರಡಿಸಲು ಹಿಂಸೆ ಕೊಡುವುದು ಯಾಕೆ?

"ನನ್ನ ಕೈ ಕಟ್ಟಿಹಾಕಿ ಒಳಗೆ ಕಳಿಸಿದ್ರೆ ನಾನು ಹೋಗಲ್ಲ. ಮನೆಗೆ ಹೋಗಿ ಇಬ್ಬರೂ ಕೂತು ಮಾತಾಡ್ಕೊಂಡು ಬನ್ನಿ," ಎಂದು ಡಾಕ್ಟರಮ್ಮ ಎದ್ದೇ ಹೋದಳು. ಗಿರಾಕಿ ಬೇಡ ಅಂದರೆ ನಾನೂ ಮುಖ ಊದಿಸುತ್ತೇನೆ, ಹಾಗೆಂದು ಬಟ್ಟೆಯನ್ನೇ ವಾಪಸ್ ಎಸೆಯುವುದಿಲ್ಲ.

ಒಟ್ಟಿನಲ್ಲಿ ನನ್ನ ತಂಗಿಯ ಹೊಟ್ಟೆಯನ್ನು ಜರಡಿ ಆಗದಂತೆ ಉಳಿಸಿಕೊಂಡು ಬಂದೆ. ಯಾರಾದರೂ ಥ್ಯಾಂಕ್ಸ್ ಹೇಳಿದರೇ? ಪುಟ್ಟಿ ಮನೆಗೆ ಬಂದ ಮೇಲೆ ಓಲೆಯನ್ನೂ ಹಾಕಿಕೊಳ್ಳಲಿಲ್ಲ.

ಮಾರ್ಚ್ 18, ಮಂಗಳವಾರ

ಬೆಳಗಿನಿಂದ ಪುಟ್ಟಿ ಒಗೆಯುವ ಕೋಣೆ ಬಿಟ್ಟು ಬಂದಿಲ್ಲ. ಮಷೀನುಗಳು ಅವಳಿಗಿಂತ ವಾಚಾಳಿಯಾಗಿದ್ದವು.

ಮಧ್ಯಾಹ್ನ ಒಬ್ಬಳು ಗಿರಾಕಿ ಸೀರೆ ತಂದಳು. ನಾನು ಎಂದಿನ ಹಾಗೆ, "ಬೇಕಾದ್ರೆ ಗಂಜಿ ಹಾಕ್ತೀವಿ," ಅಂದೆ. "ಬೇಡಮ್ಮ," ಎಂದು ಹೋದಳು. ಅಷ್ಟೇ. ಒಗೆಯುವ ಕೋಣೆಯಿಂದ ಪುಟ್ಟಿ ಒದ್ದೆ ಕೈಯಲ್ಲೇ ಹೊರಗೆ ಬಂದಳು.

"ಅದು ಗಂಜಿ ಹಾಕೋ ಬೇಕಾದ್ರೆ ಅಲ್ಲಕ್ಕಾ!"

"ಯಾವ ಬೇಕಾದ್ರೆ?" ಅಂದೆ.

"ಡಾಕ್ಟರು ಹೇಳಿದ್ದು ನಿನಗೆ ಬೇಕಾದ್ರೆ ಅಂತಲ್ಲ. ಒಳಗೆ ಹೋದ್ಮೇಲೆ ರಕ್ತ ಬಂತು, ಊತ ಇದೆ, ಯಾವುದು ಏನು ಅಂತ ಕಾಣಿಸ್ತಿಲ್ಲ, ಆಗ ಬೇಕಾಗಿ ಬಂದ್ರೆ ಅಂತ! ಜೀವ ಉಳಿಸೋಕೆ ಹಾಕೋ ತೂತು ಅದು. ನೀನು ಅದನ್ನ ಹ್ಯಾಂಗರ್ ಥರ ಬೇಡ ಅಂದೆ!"

"ಹಾಗಾದ್ರೆ ಅಲ್ಲೇ ಹೇಳ್ಬೇಕಿತ್ತು. ನಿನಗೂ ಬಾಯಿ ಇದೆಯಲ್ಲ?"

"ಇದೆಯಾ?" ಅಂದಳು. "ನನಗೇ ಮರೆತುಹೋಗಿದೆ. ಒಂದೇ ತೂತು ಸಾಕು ಅಂತ ನಾನ್ಯಾಕೆ ಆಸೆಪಟ್ಟೆ ಗೊತ್ತಾ? ಯಾರಿಗೋ ತೋರಿಸೋಕಲ್ಲ. ಇಷ್ಟು ವರ್ಷದಲ್ಲಿ ನನ್ನ ಮೈಗೆ ಏನು ಆಗ್ಬೇಕು ಅಂತ ನಾನೇ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಅದನ್ನೂ ನೀನೇ ಹೇಳಿಬಿಟ್ಟೆ."

ಒಳಗೆ ಹೋಗಿ ಮಷೀನಿನ ಬಾಗಿಲನ್ನು ದಢಾರನೆ ಹಾಕಿದಳು. ನಿಧಾನವಾಗಿ ಹಾಕಬೇಕು, ರಬ್ಬರು ಹೋಗುತ್ತದೆ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೆ.

ಆ ಸೀರೆಗೆ ಬೇಡ ಅಂದಿದ್ದರೂ ಗಂಜಿ ಹಾಕಿಬಿಟ್ಟಿದ್ದೇನೆ. ಮತ್ತೆ ಒಗೆಯಬೇಕು.

ಮಾರ್ಚ್ 20, ಗುರುವಾರ

ನಾನು ಯಾರ ಹತ್ತಿರವೂ ಹೋಗಿ ಹಲ್ಲು ಗಿಂಜುವವಳಲ್ಲ. ದಾರಿಯಲ್ಲಿ ಆಸ್ಪತ್ರೆ ಸಿಕ್ಕಿತು, ಒಳಗೆ ಹೋದೆ, ಅಷ್ಟೇ. ನಮ್ಮ ಯಾವ ದಾರಿಯಲ್ಲೂ ಆಸ್ಪತ್ರೆ ಸಿಗುವುದಿಲ್ಲ, ಅದು ಬೇರೆ ಮಾತು.

ಚೀಟಿ ಬರೆಯುವವನು ನನ್ನನ್ನು ಕಂಡು ಕುರ್ಚಿ ಹಿಂದಕ್ಕೆ ಸರಿಸಿದ. ಡಾಕ್ಟರಮ್ಮ ಬೇರೆ ಊರಿಗೆ ಹೋಗಿದ್ದಾಳಂತೆ, ಬರುವುದು ಭಾನುವಾರ. "ಏನಾದ್ರೂ ಹೇಳ್ಬೇಕಾ?" ಎಂದು ಕೇಳಿದ. "ಏನಿಲ್ಲ. ಅಕ್ಕನಿಗೆ ಈಗ ಅರ್ಥ ಆಗಿದೆಯಂತೆ ಅಂತ ಹೇಳು," ಅಂದೆ. ಯಾವ ಅಕ್ಕ ಎಂದು ಕೇಳಲಿಲ್ಲ. ಅಷ್ಟರ ಮಟ್ಟಿಗೆ ಪ್ರಸಿದ್ಧಿ ಬಂದಿದೆ.

ಪುಟ್ಟಿಗೆ ಹೇಳಲಿಲ್ಲ. ಹೇಳಿದರೆ ತಾನು ಗೆದ್ದೆ ಎಂದುಕೊಳ್ಳುತ್ತಾಳೆ.

ಮಾರ್ಚ್ 23, ಭಾನುವಾರ

ಭಾನುವಾರ ಅಂಗಡಿಗೆ ರಜ, ಹೋಟೆಲಿನ ಬಟ್ಟೆಗೆ ರಜವಿಲ್ಲ. ಸಂಜೆ ಒಗೆಯುವ ಕೋಣೆಯಲ್ಲಿ ಸದ್ದು ನಿಂತಿತು. ಹೋಗಿ ನೋಡಿದರೆ ಪುಟ್ಟಿ ಒದ್ದೆ ಬೆಡ್‌ಶೀಟಿನ ರಾಶಿಯ ಮೇಲೆ ಬಗ್ಗಿ ಕೂತಿದ್ದಾಳೆ, ಅವನ್ನೇ ತಬ್ಬಿಕೊಂಡಿರುವ ಹಾಗೆ. ಮೈ ಕೆಂಡ, ಆದರೆ ಹಲ್ಲು ಕಟಕಟ ನಡುಗುತ್ತಿತ್ತು. ಮುಟ್ಟಿದರೆ ಕೂಗಿಕೊಂಡಳು. ನನ್ನ ಕಾಲು ಮೂಲೆಯ ಅಂಗಡಿಯ ಕಡೆ ಓಡಿತು. ಈ ಬೀದಿಯಲ್ಲಿ ಕಾರು ಇರುವುದು ಆ ಕನ್ನಡಕದವನೊಬ್ಬನಿಗೆ.

ಬಂದ. ನಾನು ಕೂಲಿಯಾಳಿನ ಹಾಗೆ ಹಿಂದೆ ನಿಂತಿದ್ದೆ, ಅವನು ಅವಳ ಪಕ್ಕ ಮಂಡಿಯೂರಿ, "ನಾನಿದ್ದೀನಿ, ನಿಧಾನ," ಅಂದ. ಪುಟ್ಟಿ ಅವನ ತೋಳು ಹಿಡಿದು ಎದ್ದಳು. ನನ್ನದಲ್ಲ. ಇರಲಿ, ನನ್ನ ತೋಳಿಗೆ ವಯಸ್ಸಾಗಿದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇದ್ದಳು. ಚೀಲ ಊದಿಕೊಂಡು ಕೀವಾಗುವ ಹಂತಕ್ಕೆ ಬಂದಿದೆಯಂತೆ. ಈಗ ಒಳಗೆ ಸೇರಿಸಿಕೊಂಡು ಸೂಜಿಮದ್ದು, ಊತ ಇಳಿದ ಮೇಲೆ ಆಪರೇಷನ್. "ಆದ್ರೆ ಈಗ ಅದು ಆವತ್ತಿನಷ್ಟು ಸುಲಭ ಅಲ್ಲ. ಆವತ್ತು ಒಂದೇ ತೂತಲ್ಲಿ ಮುಗಿಯೋ ಸಾಧ್ಯತೆ ಚೆನ್ನಾಗಿತ್ತು. ಈಗ ಕಮ್ಮಿ. ಊತ ಇಳಿದ್ರೆ ಒಂದರಲ್ಲಿ ಶುರು ಮಾಡ್ತೀನಿ, ಮಾತು ಕೊಡಲ್ಲ." ಆವತ್ತು ಎನ್ನುವಾಗ ಅವಳು ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ವಾಸಿಯಿತ್ತು.

"ಬೇಕಾಗಿ ಬಂದ್ರೆ ಏನು ಮಾಡ್ಲಿ?" ಎಂದು ಕೇಳಿದಳು.

ನಾನು ಬಾಯಿ ತೆರೆದೆ. ಬಂದದ್ದು ಕೆಮ್ಮು. ಆಸ್ಪತ್ರೆಯ ಎಸಿ ಹಾಳಾದ್ದು.

ಪುಟ್ಟಿಯೇ ಹೇಳಿದಳು. "ಒಂದರಲ್ಲಿ ಶುರು ಮಾಡಿ. ಆಗ್ಲಿಲ್ಲ ಅಂದ್ರೆ ಇನ್ನೊಂದು ಹಾಕಿ, ಅದೂ ಆಗ್ಲಿಲ್ಲ ಅಂದ್ರೆ ತೆರೀರಿ. ಮಧ್ಯೆ ಹೊರಗೆ ಬಂದು ಯಾರನ್ನೂ ಕೇಳ್ಬೇಡಿ."

ಯಾರನ್ನೂ ಎಂದರೆ ಯಾರನ್ನು? ಹೊರಗೆ ಇರುವವಳು ನಾನೊಬ್ಬಳೇ.

ಮಾರ್ಚ್ 26, ಬುಧವಾರ

ಇವತ್ತು ಆಯಿತು.

ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಒಂದಕ್ಕೊಂದು ಬೆಸೆದಿದ್ದಾರೆ. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲಿನವರೆಲ್ಲ ನಡುಗಬೇಕು. ನಡುಗಿಸುತ್ತಿದ್ದವಳು ನಾನೇ. ಪಕ್ಕದಲ್ಲಿ ಕನ್ನಡಕದವನು ಅಂಗಡಿ ಮುಚ್ಚಿ ಬಂದು ಕೂತಿದ್ದ. ಯಾರೂ ಕರೆದಿರಲಿಲ್ಲ.

"ವ್ಯಾಪಾರ ಬಿಟ್ಟು ಇಲ್ಲಿ ಯಾಕೆ?" ಎಂದೆ.

"ಇವತ್ತು ಕಣ್ಣು ಪರೀಕ್ಷೆ ಮಾಡೋಕೆ ಕೂತ್ರೆ ಎಲ್ಲರಿಗೂ ತಪ್ಪು ನಂಬರ್ ಕೊಡ್ತೀನಿ ಅಕ್ಕಾವ್ರೇ."

ಆಮೇಲೆ ನನ್ನ ಕಡೆ ತಿರುಗಿ, "ನಿಮಗೊಂದು ಮಾತು ಹೇಳ್ಬೇಕು," ಅಂದ. "ಅವರನ್ನ ಮದುವೆ ಆಗ್ತೀರಾ ಅಂತ ನಾನು ಕೇಳಿ ಎರಡು ವರ್ಷ ಆಯ್ತು."

ಕುರ್ಚಿ ಸಾಲು ನಿಂತಿತು. ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ್ದೆ ಎಂದು ಆಮೇಲೆ ತಿಳಿಯಿತು.

"ಅವಳೇನಂದ್ಳು?"

"ಅಕ್ಕನ್ನ ಕೇಳಿ ಹೇಳ್ತೀನಿ ಅಂದ್ರು."

"ನನ್ನನ್ನ ಕೇಳೇ ಇಲ್ಲ!"

"ಗೊತ್ತು. ಅದಕ್ಕೇ ಶರಟು ತರ್ತಾ ಇದ್ದೀನಿ. ಬಂದಾಗೆಲ್ಲ ಕಣ್ಣಲ್ಲೇ ಕೇಳ್ತೀನಿ, ಕೇಳಿದ್ರಾ ಅಂತ. ಅವರು ತಲೆ ಅಲ್ಲಾಡಿಸ್ತಾರೆ, ಇಲ್ಲ ಅಂತ."

"ಅದಕ್ಕೆ ಒಳ್ಳೆ ಶರಟಿನ ಬಣ್ಣ ಹೋಗೋ ಹಾಗೆ ಒಗೆಸೋದಾ?"

"ಬೇರೆ ದಾರಿ ಹೊಳೀಲಿಲ್ಲ. ನಿಮಗೆ ಹೆದರ್ತೀನಿ."

ಹಿಂದೆ ಪುಟ್ಟಿಯನ್ನು ಕೇಳಿಕೊಂಡು ಬಂದವರನ್ನೆಲ್ಲ ನಾನು ಬಾಗಿಲಲ್ಲೇ ವಾಪಸ್ ಕಳಿಸಿದವಳು. ಒಬ್ಬನಿಗೂ ಯೋಗ್ಯತೆ ಇರಲಿಲ್ಲ. ಈ ಮನುಷ್ಯನಿಗೂ ಒಂದು ಮಾತು ಚುಚ್ಚೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನರ್ಸ್ ಬಂದಳು. ಒಳಗೆ ಎಲ್ಲ ಅಂಟಿಕೊಂಡಿತ್ತು, ಒಂದರಲ್ಲಿ ಆಗಲಿಲ್ಲ, ಇನ್ನೆರಡು ಹಾಕಿ ಚೀಲ ತೆಗೆದರು, ತೆರೆಯುವ ಪ್ರಸಂಗ ಬರಲಿಲ್ಲ, ಚೆನ್ನಾಗಿದ್ದಾರೆ ಎಂದಳು.

"ಸದ್ಯ, ಹಾಕಿದ್ರಲ್ಲ," ಅಂದುಬಿಟ್ಟೆ. ಹೇಳಿದ ಮೇಲೆ ಯಾರು ಹೇಳಿದ್ದು ಎಂದು ಪಕ್ಕಕ್ಕೆ ನೋಡಿದೆ. ಕನ್ನಡಕದವರು ತಮ್ಮ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಗಾಜಲ್ಲ, ಕಣ್ಣು.

ಮಾರ್ಚ್ 28, ಶುಕ್ರವಾರ

ಮನೆಗೆ ಕರೆತಂದೆವು. ಕೊಯ್ದದ್ದು ಹೊಟ್ಟೆ, ಆದರೆ ನೋವು ಹೆಗಲಲ್ಲಂತೆ. ಒಳಗೆ ಜಾಗ ಮಾಡಿಕೊಳ್ಳಲು ಗಾಳಿ ತುಂಬಿಸುತ್ತಾರೆ, ಅದು ಹೋಗುವಾಗ ಹೆಗಲನ್ನು ಹಿಡಿದುಕೊಂಡು ಹೋಗುತ್ತದೆ, ಅಡ್ಡಾಡಿದರೆ ಕಡಿಮೆ ಆಗುತ್ತದೆ ಎಂದು ನರ್ಸ್ ಹೇಳಿದಳು. ಮನುಷ್ಯರಿಗೂ ಪಂಚರ್ ಅಂಗಡಿ ಬಂತು.

ಪುಟ್ಟಿ ಕನ್ನಡಿಯ ಮುಂದೆ ನಿಂತು ಬಟ್ಟೆ ಎತ್ತಿ ನೋಡಿಕೊಂಡಳು. ಹೊಕ್ಕುಳಲ್ಲಿ ಒಂದು ಪಟ್ಟಿ, ಪಕ್ಕೆಯಲ್ಲಿ ಎರಡು. ತುಂಬ ಹೊತ್ತು ನೋಡಿದಳು. ನಾನು ಬಾಗಿಲಲ್ಲಿ ದಿಂಬು ಹಿಡಿದು ನಿಂತಿದ್ದೆ.

"ಮೂರು," ಅಂದಳು.

"ಹೂಂ," ಅಂದೆ. ಮುಂದೆ ಹೇಳಬೇಕಾದ ಮಾತಿತ್ತು. ದಿಂಬನ್ನು ಅವಳ ಬೆನ್ನಿಗೆ ಕೊಟ್ಟೆ. ಸರಿಯಾಗಿ ಕೂರಲಿಲ್ಲ. ತೆಗೆದು ಮತ್ತೆ ಕೊಟ್ಟೆ. "ಸಾಕು ಬಿಡಕ್ಕಾ, ಗೊತ್ತಾಯ್ತು," ಅಂದಳು. ದಿಂಬಿಗೆ ಹೇಳಿದಳೋ ಏನೋ.

ಏಪ್ರಿಲ್ 4, ಶುಕ್ರವಾರ

ಒದ್ದೆ ಬೆಡ್‌ಶೀಟು ಇಷ್ಟು ಭಾರವೆಂದು ನನಗೆ ತಿಳಿದೇ ಇರಲಿಲ್ಲ. ನಾನು ಸದಾ ಒಣಗಿದ್ದನ್ನೇ ಕಂಡವಳು. ಪುಟ್ಟಿ ಕೆಲವು ವಾರ ಭಾರ ಎತ್ತಬಾರದು, ಹೊಕ್ಕುಳ ಹತ್ತಿರ ಉಬ್ಬಿ ಬರುತ್ತದೆ. ಆದ್ದರಿಂದ ಎಲ್ಲವನ್ನೂ ನಾನೇ ಎತ್ತುತ್ತಿದ್ದೇನೆ. ಇವಳು ಇಷ್ಟು ವರ್ಷ ಇದನ್ನು ಎತ್ತುತ್ತ ಒಂದು ದಿನವೂ ಅಯ್ಯೋ ಅಂದಿಲ್ಲ. ಅನ್ನಬೇಕಿತ್ತು. ಎಂಥ ಮೊಂಡು ಹೆಂಗಸು.

ಹೋಟೆಲಿನವನಿಗೆ ಫೋನ್ ಮಾಡಿ, ಇನ್ನು ಮೇಲೆ ಅರ್ಧ ಬಟ್ಟೆ ಮಾತ್ರ ಕಳಿಸು, ಇಲ್ಲವಾದರೆ ಬೇರೆಯವರನ್ನು ನೋಡಿಕೋ ಅಂದೆ. "ತಂಗಿಯವರು ಹುಷಾರಾ?" ಎಂದು ಕೇಳಿದ. "ಅವಳನ್ನೇ ಕೇಳು," ಎಂದು ಫೋನನ್ನು ಅವಳ ಕೈಗೆ ಕೊಟ್ಟೆ. ಪುಟ್ಟಿ ಅದನ್ನು ಹಾವು ಹಿಡಿದ ಹಾಗೆ ಹಿಡಿದುಕೊಂಡು ನನ್ನನ್ನೇ ನೋಡಿದಳು.

ಸಂಜೆ ಒಬ್ಬಳು ಗಿರಾಕಿ ಆ ನುಣುಪು ಕಾಗದ ಹಿಡಿದು ಬಂದಳು. ಅವಳ ಅತ್ತಿಗೆಗೂ ಕಲ್ಲಂತೆ. "ನಿಮ್ಮ ಮನೇಲಿ ಆಯ್ತಲ್ಲ ಅಕ್ಕಾ, ಹೇಗೆ ಇದು?"

"ಮೊದಲು ಈ ನಗೋ ಹುಡುಗೀನ ಮಡಚಿ ಒಳಗಿಡು," ಅಂದೆ. "ಗುರುತು ಕಾಣಲ್ಲ, ನಿಜ. ಮಿಕ್ಕಿದ್ದಕ್ಕೆಲ್ಲ ನಾಲ್ಕು ತೂತಿನದ್ದೂ ಚೆನ್ನಾಗೇ ಇದೆಯಂತೆ. ಹೊಟ್ಟೆಗೆ ಮೊದಲೇ ಆಪರೇಷನ್ ಆಗಿದ್ರೆ, ಒಳಗೆ ಊದಿಕೊಂಡಿದ್ರೆ ಒಂದು ತೂತು ಹೊಂದಲ್ಲ. ಇಂಥದ್ದು ಎಷ್ಟು ಮಾಡಿದ್ದೀರಿ ಅಂತ ಡಾಕ್ಟರನ್ನ ಕೇಳ್ಬೇಕು, ನಾಚ್ಕೋಬಾರದು. ಬೇಕಾಗಿ ಬಂದ್ರೆ ಇನ್ನೊಂದು ತೂತು ಹಾಕ್ತೀವಿ ಅಂತಾರೆ. ಹೂಂ ಅನ್ಬೇಕು. ಅದು ಸೋಲಲ್ಲ, ಮೋಸಾನೂ ಅಲ್ಲ. ಮನೆಗೆ ಬಂದ್ಮೇಲೆ ಜ್ವರ ಬಂತು, ಕಣ್ಣು ಹಳದಿ ಆಯ್ತು, ಗಾಯ ಸೋರ್ತಿದೆ, ಹೊಟ್ಟೆನೋವು ಏರ್ತಾ ಹೋಯ್ತು ಅಂದ್ರೆ ನಾಳೆ ನೋಡೋಣ ಅಂತ ಮಲಗ್ಬಾರದು, ಆವಾಗಲೇ ಓಡ್ಬೇಕು. ಮತ್ತೆ..."

"ಮತ್ತೆ?"

"ಡಾಕ್ಟರು ಕೇಳಿದಾಗ ನೀನು ಬಾಯಿ ಹಾಕ್ಬೇಡ. ನಿನ್ನ ಅತ್ತಿಗೆ ಹೇಳ್ಲಿ."

ಒಗೆಯುವ ಕೋಣೆಯ ಬಾಗಿಲಲ್ಲಿ ಸ್ಟೂಲಿನ ಮೇಲೆ ಕೂತು ಬಟ್ಟೆಗೆ ಚೀಟಿ ಪಿನ್ನು ಮಾಡುತ್ತಿದ್ದ ಪುಟ್ಟಿ ಕೆಮ್ಮಿದಳು. ನಗು ಬಂದರೆ ಹೊಟ್ಟೆ ನೋಯುತ್ತದಂತೆ, ಅದಕ್ಕೆ ಕೆಮ್ಮುತ್ತಾಳೆ. ಯಾವುದಕ್ಕೆ ನಗು ಬಂತೋ ದೇವರಿಗೇ ಗೊತ್ತು.

ಏಪ್ರಿಲ್ 11, ಶುಕ್ರವಾರ

ಇವತ್ತು ಡಾಕ್ಟರಮ್ಮ ನೋಡಿ, ಗಾಯ ಒಣಗಿದೆ, ಭಾರ ಮಾತ್ರ ಇನ್ನೂ ಸ್ವಲ್ಪ ಕಾಲ ಬೇಡ ಅಂದರು. ಒಂದೇ ತೂತಲ್ಲಿ ಆಗಲಿಲ್ಲ, ಬೇಜಾರಾಯಿತೇ ಎಂದು ಪುಟ್ಟಿಯನ್ನು ಕೇಳಿದರು. "ಆಯ್ತು," ಅಂದಳು ಪುಟ್ಟಿ. "ಆದ್ರೆ ನಾನೇ ಹೂಂ ಅಂದಿದ್ದಲ್ಲ, ಪರವಾಗಿಲ್ಲ." ನಾನು ಗೋಡೆಯ ಮೇಲಿನ ಹೊಟ್ಟೆಯ ಚಿತ್ರ ನೋಡುತ್ತಿದ್ದೆ. ಅಭ್ಯಾಸವಾದರೆ ಅಷ್ಟೇನೂ ಅಸಹ್ಯವಲ್ಲ.

ಮಧ್ಯಾಹ್ನ ಕನ್ನಡಕದವರು ಅಂಗಡಿಗೆ ಬಂದರು. ಬರಿಗೈಯಲ್ಲಿ.

"ಬಟ್ಟೆ ಎಲ್ಲಿ?" ಎಂದೆ.

"ಇವತ್ತು ಬಟ್ಟೆ ಇಲ್ಲ ಅಕ್ಕಾವ್ರೇ."

ಪುಟ್ಟಿ ಪಿನ್ನು ಹಿಡಿದ ಕೈಯನ್ನು ಹಾಗೆಯೇ ನಿಲ್ಲಿಸಿದಳು. ಇಬ್ಬರೂ ನನ್ನ ಮುಖ ನೋಡಿದರು. ಸಾಯಂಕಾಲದವರೆಗೂ ನೋಡುತ್ತ ನಿಲ್ಲುವವರ ಹಾಗಿದ್ದರು.

"ನನ್ನ ಮುಖದಲ್ಲಿ ಸಿನಿಮಾ ತೋರಿಸ್ತಿದ್ದಾರಾ?" ಎಂದು ಪುಟ್ಟಿಗೆ ಕೇಳಿದೆ. "ಇವರು ನಿನ್ನನ್ನ ಏನೋ ಕೇಳಿ ಎರಡು ವರ್ಷ ಆಯ್ತಂತೆ."

ಅವಳ ಕೈಯಿಂದ ಪಿನ್ನು ಬಿತ್ತು. "ನಿನಗೆ... ನೀನೇನಂತೀಯಾ ಅಕ್ಕಾ?"

ನಾನು ಅನ್ನುವುದೇನು, ನನ್ನ ಹತ್ತಿರ ಅನ್ನುವುದಕ್ಕೆ ಬೇಕಾದಷ್ಟಿತ್ತು. ಇವರ ಮನೆ ಅಂಗಡಿಯ ಮಹಡಿ ಮೇಲೆ, ಮೆಟ್ಟಿಲು ಕಡಿದಾಗಿದೆ, ಇವಳ ಮಂಡಿಗೆ ಆಗುವುದಿಲ್ಲ. ಇವರು ಗಾಜು ಒರೆಸಿದಷ್ಟು ಚೆನ್ನಾಗಿ ಪಾತ್ರೆ ತೊಳೆಯುತ್ತಾರೋ ಇಲ್ಲವೋ ಯಾರು ಕಂಡರು. ನಮ್ಮ ಮನೆಯ ಎರಡು ಕೋಣೆಗಳಲ್ಲಿ ಒಂದು ಖಾಲಿಯಾಗುತ್ತದೆ, ಖಾಲಿ ಕೋಣೆಯನ್ನು ಗುಡಿಸುವುದು ದಂಡ. ಬೆಳಗ್ಗೆ ಎದ್ದು ಬೈಯಲು ಯಾರೂ ಇರುವುದಿಲ್ಲ. ಇದೆಲ್ಲ ನಾಲಿಗೆ ಮೇಲೆ ಸಾಲಾಗಿ ಬಂದು ನಿಂತಿತು. ಹೌದು ಅನ್ನುವುದೂ ಅಲ್ಲೇ ಹಿಂದೆ ಎಲ್ಲೋ ನಿಂತಿತ್ತು. ಯಾವುದನ್ನೂ ಹೊರಗೆ ಬಿಡಲಿಲ್ಲ. ಮಾರ್ಚ್ ತಿಂಗಳಲ್ಲಿ ಹೇಳಿದ್ದೇ ಈ ವರ್ಷಕ್ಕೆ ಸಾಕು.

"ನಾನೇನೂ ಅನ್ನಲ್ಲ," ಅಂದೆ. "ಕೇಳಿದ್ದು ನಿನ್ನನ್ನ."

"ಆದ್ರೂ ನೀನು..."

"ಪುಟ್ಟಿ, ಅಕ್ಕ ಹೇಳಿದ ಹಾಗೆ ಅಂತ ಏನಾದ್ರೂ ಅಂದ್ಯೋ, ಹೊಲಿಗೆ ಹಾಕಿದ ಹೊಟ್ಟೆ ಅಂತಾನೂ ನೋಡಲ್ಲ. ಹೂಂ ಅನ್ನು, ಇಲ್ಲ ಉಹೂಂ ಅನ್ನು. ನನ್ನ ಮುಖ ನೋಡದೆ ಅನ್ನು. ಇವರ ಮುಖ ನೋಡಿ ಅನ್ನು."

ಕನ್ನಡಕದವರು, "ಅವಸರ ಇಲ್ಲ," ಎಂದು ಶುರುಮಾಡಿದರು.

"ನಿಮಗಿಲ್ಲದೆ ಇರಬಹುದು, ನನಗಿದೆ," ಅಂದೆ. "ಎರಡು ವರ್ಷ ಕಾದದ್ದು ನಿಮ್ಮ ದೊಡ್ಡತನ. ನಾನು ದೊಡ್ಡವಳಲ್ಲ. ಈ ತಿಂಗಳು ಇಪ್ಪತ್ತು, ಭಾನುವಾರ, ಅಂಗಡಿ ರಜ. ಅವತ್ತಿನೊಳಗೆ ಅವಳ ಬಾಯಿಂದ ನಿಮಗೆ ಉತ್ತರ ಸಿಕ್ಕಿರಬೇಕು."